ಎಂಟು ವಾರ, ಒಂದು ಸ್ಕೆಚ್ ಪುಸ್ತಕ: ದಿನಬಳಕೆಯ ಯಾವ ಕಲೆಯ ಬೆನ್ನು ಹತ್ತಲಿ?

ಮೊದಲ ವರ್ಷ | ನವೆಂಬರ್ 9

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ದೃಶ್ಯಕಲೆ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಊರು ಶಿರಾ ಕಡೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪರೀಕ್ಷೆ ಪಾಸಾಗಿದ್ದೆ ಎಂಬ ಒಂದೇ ಧೈರ್ಯದ ಮೇಲೆ ಸೇರಿದವನು. ಬಂದ ಮೇಲೆ ನೋಡಿದರೆ ಜೊತೆಯವರಲ್ಲಿ ಅರ್ಧ ಜನ ಆರನೇ ತರಗತಿಯಿಂದಲೇ ಎಣ್ಣೆಬಣ್ಣದ ವಾಸನೆ ಕುಡಿದು ಬೆಳೆದವರು.

ಈಗ ಒಂದು ಕೆಲಸ ಕೊಟ್ಟಿದ್ದಾರೆ. ದಿನಬಳಕೆಯ ಯಾವುದಾದರೂ ಒಂದು ಕಲೆಯನ್ನು ಆರಿಸಿಕೊಂಡು ಎಂಟು ವಾರ ಅದರ ಹಿಂದೆ ಓಡಾಡಬೇಕು. ವಾರಕ್ಕೆ ಕನಿಷ್ಠ ಹತ್ತು ಪುಟ. ಗಾಜಿನ ಪೆಟ್ಟಿಗೆಯೊಳಗೆ ಇರುವಂಥದ್ದು ಬೇಡ. ಯಾರೋ ಅದನ್ನು ಈಗಲೂ ಮಾಡುತ್ತಿರಬೇಕು, ನಾವು ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವಂತಿರಬೇಕು. ಇಷ್ಟೇ ನಿಯಮ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮೊಬೈಲ್ ತೆರೆದು ಮಧುಬನಿ, ವಾರ್ಲಿ, ಮಂಡಲ ಎಂದು ಹದಿನಾಲ್ಕು ಪುಟ ನಕಲು ಮಾಡಿದೆ. ನಮ್ಮ ಮೇಡಂ ಪುಸ್ತಕ ತಿರುವಿ ಹಾಕಿ, "ಇದನ್ನು ಬರೆಯುವವರು ನಿನ್ನ ರೂಮಿನಿಂದ ಎಷ್ಟು ದೂರ ಇದ್ದಾರೆ?" ಎಂದು ಕೇಳಿದರು. ಒಂದು ಬಿಹಾರ, ಇನ್ನೊಂದು ಮಹಾರಾಷ್ಟ್ರ. ತಲೆ ತಗ್ಗಿಸಿ ಪುಸ್ತಕ ವಾಪಸ್ ತೆಗೆದುಕೊಂಡೆ.

ಕಷ್ಟವೇನೆಂದರೆ ನಮ್ಮ ಮನೆಯಲ್ಲಿ ಕಲೆ ಎನ್ನುವಂಥದ್ದು ಏನೂ ಇಲ್ಲ. ಅಪ್ಪ ಕೊಳವೆಬಾವಿ ಕೊರೆಯುವ ಲಾರಿಯ ಜೊತೆ ಊರೂರು ತಿರುಗುತ್ತಾರೆ, ಅಮ್ಮ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೂಲಿಗೆ ಹೋಗುತ್ತಾರೆ. ಫೋನ್ ಮಾಡಿ ಕೇಳಿದರೆ, "ನಮಗೆಂಥ ಕಲೆಯಪ್ಪ" ಎಂದು ಅಮ್ಮ ನಕ್ಕುಬಿಟ್ಟರು. ಸಾಮಗ್ರಿಗೆ ತಿಂಗಳಿಗೆ 500 ರೂಪಾಯಿ ದಾಟುವಂತಿಲ್ಲ. ಎಲ್ಲಿಂದ ಶುರು ಮಾಡಲಿ?


ನೂಲೆಣಿಕೆ | ನವೆಂಬರ್ 9

ಕಸೂತಿ ಹಿಡಿಯಿರಿ. ಧಾರವಾಡದವಳು, ಹಾಗಾಗಿ ಪಕ್ಷಪಾತ ಇದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಖರ್ಚು ಎಂದರೆ ಒಂದು ಮೀಟರ್ ಮ್ಯಾಟಿ ಬಟ್ಟೆ, ಒಂದು ಸೂಜಿ, ನಾಲ್ಕು ಲಡಿ ದಾರ. ಹೊಲಿಗೆಗಳೂ ನಾಲ್ಕೇ: ಗಂಟಿ, ಮುರ್ಗಿ, ನೇಗಿ, ಮೆಂತೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ನೇಯ್ಗೆಯ ಎಳೆ ಎಣಿಸಿಕೊಂಡೇ ಹೋಗಬೇಕು. ಗಂಟಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು. ದಾರಕ್ಕೆ ಗಂಟು ಹಾಕುವುದಿಲ್ಲ. ಬಟ್ಟೆಯನ್ನು ಮಗುಚಿ ಹಿಡಿದರೆ ಹಿಂದೆಯೂ ಮುಂದೆಯೂ ಒಂದೇ ಚಿತ್ರ. ನಮ್ಮ ಅತ್ತೆ ಯಾರ ಕಸೂತಿ ಸೀರೆ ನೋಡಿದರೂ ಮೊದಲು ಸೆರಗು ಮಗುಚುತ್ತಿದ್ದರು. ಮುಂಭಾಗ ನೋಡಿ ಹೊಗಳಿದ್ದನ್ನು ನಾನು ಕಂಡಿಲ್ಲ.

ಇಳಕಲ್ ಸೀರೆಯ ಮೇಲಿನ ಗೋಪುರ, ತೇರು, ಆನೆ, ತುಳಸಿಕಟ್ಟೆ ನೋಡಿ. ತುಳಸಿಕಟ್ಟೆ ಸಣ್ಣದು, ಅದರಿಂದ ಆರಂಭಿಸಿ. ಮೊದಲ ವಾರ ಗ್ರಾಫ್ ಹಾಳೆಯಲ್ಲಿ ಮಾಡಿಕೊಂಡು, ಸೂಜಿ ಹೊರಟಲ್ಲಿಗೇ ಹೇಗೆ ಮರಳುತ್ತದೆ ಎಂಬ ದಾರಿಯನ್ನು ಬಾಣದ ಗುರುತು ಹಾಕಿ ಬರೆಯಿರಿ. ಆ ಪುಟಗಳೇ ಚಂದ ಕಾಣುತ್ತವೆ.


ನೇರ ಮಾತು | ನವೆಂಬರ್ 10

ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಕಸೂತಿ, ರಂಗೋಲಿ, ಬುಟ್ಟಿ ಇವೆಲ್ಲ ಕಸುಬು. ನೂರು ವರ್ಷದಿಂದ ಅದೇ ಆನೆ, ಅದೇ ತೇರು. ಮೊದಲ ವರ್ಷದಲ್ಲಿ ನೀನು ಕಲಿಯಬೇಕಾದದ್ದು ಮನುಷ್ಯನ ದೇಹದ ರಚನೆ, ನೆರಳು ಬೆಳಕು, ದೂರ ಹತ್ತಿರದ ಲೆಕ್ಕ. ಎಂಟು ವಾರ ಅದಕ್ಕೆ ಕೊಟ್ಟರೆ ಕೈ ಪಳಗುತ್ತದೆ. ಇಂಥ ಕೆಲಸ ಕೊಡುವುದು ಈಗಿನ ಕಾಲೇಜುಗಳ ಫ್ಯಾಷನ್.


ನಿವೃತ್ತ ಡ್ರಾಯಿಂಗ್ ಮೇಷ್ಟ್ರು | ನವೆಂಬರ್ 10

ನೇರ ಮಾತಿನವರೇ, ನೆರಳು ಬೆಳಕು ಕಲಿಸಲು ನೀವು ಮೇಜಿನ ಮೇಲೆ ಏನು ಇಡುತ್ತೀರಿ? ಮಡಕೆ, ಲೋಟ, ಒಂದು ಬಟ್ಟೆ. ಆ ಮಡಕೆಯನ್ನು ಮಾಡಿದವನ ಮನೆಗೆ ಹುಡುಗನನ್ನು ಕಳಿಸಿದರೆ ಫ್ಯಾಷನ್ ಆಗುತ್ತದೆ, ಮಡಕೆಯನ್ನು ಮಾತ್ರ ಎದುರಿಗಿಟ್ಟರೆ ಶಿಕ್ಷಣವೋ? ಹೆಸರಾಂತ ಚಿತ್ರಕಲಾವಿದ ಕೆ. ವೆಂಕಟಪ್ಪನವರು ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಕಲಾಶಾಲೆಗಿಂತ ಮೊದಲೇ ಮನೆಯ ಕಸುಬು ಅವರ ಕೈಯಲ್ಲಿತ್ತು.

ಈಗ ಹುಡುಗನಿಗೆ. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದ್ದೇನೆ. ನೀನು ಮಾಡಿದ ತಪ್ಪು ಮಧುಬನಿ ಬರೆದದ್ದಲ್ಲ. ಮುಗಿದ ಚಿತ್ರವನ್ನು ನೋಡಿ ಮುಗಿದ ಚಿತ್ರವನ್ನು ಬರೆದದ್ದು ತಪ್ಪು. ಮಾಡುತ್ತಿರುವ ಕೈಯನ್ನು ಬರೆ. ಎಡಗೈ ಎಲ್ಲಿದೆ? ಮೊದಲು ಯಾವ ಗೆರೆ, ಆಮೇಲೆ ಯಾವುದು? ಎಲ್ಲಿ ತಡೆಯುತ್ತಾರೆ? ಇದು ಮೊಬೈಲಿನಲ್ಲಿ ಸಿಗುವುದಿಲ್ಲ, ಸಿಕ್ಕರೂ ಯಾರೋ ಕತ್ತರಿಸಿ ಅಂಟಿಸಿರುತ್ತಾರೆ.

ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳು ಎಲ್ಲಾದರೂ ಸಿಕ್ಕರೆ ಕುಳಿತು ನೋಡು. ಕುಣಿಯುವವರ ಮೈಯನ್ನು ಅವರು ನಾಲ್ಕಾರು ಗೆರೆಗಳಲ್ಲಿ ಹಿಡಿಯುತ್ತಾರೆ. ಕಿರೀಟದ ಮಣಿ ಎಣಿಸುತ್ತಾ ಕೂರುವುದಿಲ್ಲ.

ಮೈಸೂರಿನಲ್ಲೇ ಇದ್ದೀಯಲ್ಲ, ದುಡ್ಡು ಖರ್ಚಿಲ್ಲದ ಜಾಗ ದೇವರಾಜ ಮಾರುಕಟ್ಟೆ. ಹೂ ಕಟ್ಟುವವರ ಎದುರು ಅರ್ಧ ಗಂಟೆ ನಿಲ್ಲು, ವ್ಯಾಪಾರಕ್ಕೆ ಅಡ್ಡ ಬರಬೇಡ. ಹಾಗೆಯೇ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ 1968ರಿಂದ ಜಾನಪದ ವಸ್ತುಸಂಗ್ರಹಾಲಯವಿದೆ. ಅದು ಗಾಜಿನ ಪೆಟ್ಟಿಗೆಯೇ, ನಿನ್ನ ಕೆಲಸಕ್ಕೆ ಲೆಕ್ಕವಿಲ್ಲ. ಆದರೂ ತೆರೆದಿದ್ದರೆ ತೊಗಲುಗೊಂಬೆಯ ತೂತುಗಳನ್ನು ಹತ್ತಿರದಿಂದ ನೋಡಿ ಬಾ. ಬೆಳಕಿಗೆ ದಾರಿ ಬಿಡುವುದೂ ಗೆರೆ ಎಳೆದ ಹಾಗೆಯೇ.


ಸೊರಬದವಳು | ನವೆಂಬರ್ 11

ನಮ್ಮ ಕಡೆಯ ಹಸೆ ಚಿತ್ತಾರದ ಹೆಸರನ್ನು ಯಾರಾದರೂ ಇಷ್ಟು ಹೊತ್ತಿಗೆ ಎತ್ತುತ್ತಾರೆ ಎಂದು ಕಾಯುತ್ತಿದ್ದೆ. ಯಾರೂ ಎತ್ತಲಿಲ್ಲ, ಹಾಗಾಗಿ ನಾನೇ ಬರೆಯುತ್ತೇನೆ. ನಾವು ದೀವರು. ಸಾಗರ, ಸೊರಬದ ಕಡೆ ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುವುದು ಹೆಂಗಸರ ಕೆಲಸ. ನೆನೆಸಿ ರುಬ್ಬಿದ ಅಕ್ಕಿಯಿಂದ ಬಿಳಿ, ಕರಿಯಾಗುವವರೆಗೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ. ಕುಂಚ ಪುಂಡಿನಾರಿನದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಗಳಿಗೂ ಹೀಗೆಯೇ ಬರೆಯುತ್ತೇವೆ, ದೊಡ್ಡದೊಂದು, ಚಿಕ್ಕದೊಂದು. ಈ ವರ್ಷದ್ದು ಕಳೆದ ತಿಂಗಳು ಮುಗಿಯಿತು.

ತಮ್ಮಾ, ಒಂದು ಮಾತು ಖಾರವಾಗಿಯೇ ಹೇಳುತ್ತೇನೆ. ನಿನ್ನ ಮೇಲಿನ ಸಿಟ್ಟಲ್ಲ. ನಮ್ಮ ಮನೆಗೆ ಕ್ಯಾಮೆರಾ ಹಿಡಿದು ಬಂದವರು ಬಹಳ ಮಂದಿ. ಅಮ್ಮ ಬುಟ್ಟಿ ಬರೆಯುವುದನ್ನು ಇಡೀ ದಿನ ತೆಗೆದುಕೊಂಡು ಹೋದರು. ಎರಡು ವರ್ಷದ ಮೇಲೆ ಅದೇ ಚಿತ್ತಾರ ಕಾಫಿ ಕಪ್ಪಿನ ಮೇಲೆ ಕಂಡಿತು. ಅಮ್ಮನ ಹೆಸರೂ ಇಲ್ಲ, ನಮ್ಮ ಜನದ ಹೆಸರೂ ಇಲ್ಲ, "ಗ್ರಾಮೀಣ ವಿನ್ಯಾಸ" ಎಂದಿತ್ತು. ನೀನು ಯಾರ ಪಕ್ಕ ಕೂತರೂ ಮೊದಲು ಕೇಳಿ ಕೂರು. ಅವರ ಹೊತ್ತು ತಿಂದರೆ ಏನಾದರೂ ಕೊಡು. ದುಡ್ಡೇ ಆಗಬೇಕಿಲ್ಲ, ಅಕ್ಕಿ ರುಬ್ಬಿಕೊಟ್ಟರೂ ಆಯಿತು. ಪುಸ್ತಕದಲ್ಲಿ ಅವರ ಹೆಸರು ಹಾಕಬಹುದೇ ಎಂದೂ ಕೇಳು. ಬೇಡ ಎಂದರೆ ಬೇಡ.

ಇದನ್ನು ಮೈಸೂರಿನಲ್ಲಿ ಕುಳಿತು ಕಾಗದದ ಮೇಲೆ ಅಕ್ರಿಲಿಕ್ಕಿನಲ್ಲಿ ಮಾಡಬೇಡ. ಮಾಡಬೇಕೆಂದರೆ ಮುಂದಿನ ಭೂಮಿ ಹುಣ್ಣಿಮೆಗೆ ಬಾ, ನಾರು ಜಜ್ಜುವ ಕೆಲಸ ಕೊಡುತ್ತೇನೆ.


ಮೊದಲ ವರ್ಷ | ನವೆಂಬರ್ 11

ಅಕ್ಕ, ಖಾರ ಸರಿಯಾಗಿಯೇ ತಗುಲಿತು. ಆ ಹದಿನಾಲ್ಕು ಪುಟಗಳಲ್ಲಿ ನಾನೂ ಯಾರ ಹೆಸರನ್ನೂ ಬರೆದಿರಲಿಲ್ಲ. ಮುಂದಿನ ಹುಣ್ಣಿಮೆಯ ಮಾತು ನೆನಪಿಟ್ಟುಕೊಳ್ಳುತ್ತೇನೆ.


ಬೋರ್ಡ್ ಬರೆಯುವವನು | ನವೆಂಬರ್ 12

ನಮ್ಮದನ್ನೂ ಕಲೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೆ ಎರಡು ಮಾತು. ದಾವಣಗೆರೆಯಲ್ಲಿ ಅಂಗಡಿ ಬೋರ್ಡ್, ಲಾರಿ ಬೋರ್ಡ್, ಶಾಲೆಯ ಗೋಡೆ ಬರಹ ಬರೆಯುತ್ತೇನೆ. ಫ್ಲೆಕ್ಸ್ ಬಂದ ಮೇಲೆ ಅಂಗಡಿಯ ಕೆಲಸ ಕಡಿಮೆಯಾಯಿತು. ಲಾರಿಯವರು ಇನ್ನೂ ಕೈಬಿಟ್ಟಿಲ್ಲ.

ಕಲಾಶಾಲೆಯ ಹುಡುಗರಿಗೆ ಅಕ್ಷರ ಎಂದರೆ ಅಸಡ್ಡೆ. ಬರೆದು ನೋಡಲಿ, ಗೊತ್ತಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ಮಧ್ಯೆ ಸಾಲಾಗಿ ನಿಂತುಬಿಡುತ್ತವೆ. ಕನ್ನಡಕ್ಕೆ ಮೂರು ಅಂತಸ್ತು ಬೇಕು. ಮೇಲೆ ಗುಡಿಸು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. "ಅರುಣ ಹೋಟೆಲ್" ಎಂದರೆ ಕಣ್ಣುಮುಚ್ಚಿ ಬರೆಯಬಹುದು. "ಶ್ರೀ ಲಕ್ಷ್ಮೀ ಬೇಕರಿ" ಎಂದರೆ "ಕ್ಷ್ಮೀ" ಒಂದೇ ಅಕ್ಷರ ಬೋರ್ಡಿನ ಕೆಳಗಿನ ಅರ್ಧವನ್ನು ತಿನ್ನುತ್ತದೆ, ಪಕ್ಕದ "ಬೇಕರಿ"ಯ ಕೆಳಗೆ ಮೈದಾನ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗದಲ್ಲಿ ಮಾಲೀಕನ ಹೆಸರನ್ನು ಸಣ್ಣದಾಗಿ ಬರೆದು ಮುಚ್ಚುವುದು ನಮ್ಮ ಜಾಣತನ. ಜನ ಅದನ್ನು ಅಲಂಕಾರ ಎಂದುಕೊಳ್ಳುತ್ತಾರೆ.

ನೇರ ಗೆರೆಗೆ ಸ್ಕೇಲ್ ಇಡುವುದಿಲ್ಲ. ನೂಲಿಗೆ ಚಾಕ್ ಪುಡಿ ಸವರಿ, ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಗೆರೆ ಬೀಳುತ್ತದೆ. ಒಣಗಿದ ಮೇಲೆ ಒರೆಸಿದರಾಯಿತು. ಪೇಂಟ್ ಹಸಿಯಿರುವಾಗ ಕೈ ತಾಗದಂತೆ, ಎಡಗೈಯಲ್ಲಿ ಹಿಡಿದ ಕೋಲಿನ ಮೇಲೆ ಬಲ ಮಣಿಕಟ್ಟು ಇಟ್ಟುಕೊಳ್ಳುತ್ತೇವೆ. ಮೇಷ್ಟ್ರು ಕೇಳಿದ "ಎಡಗೈ ಎಲ್ಲಿದೆ" ಎಂಬುದಕ್ಕೆ ನಮ್ಮ ಉತ್ತರ ಆ ಕೋಲು.


ಕರಾವಳಿ | ನವೆಂಬರ್ 12

ಉದ್ದ ಬರೆಯಲು ಪುರುಸೊತ್ತಿಲ್ಲ. ಮಲ್ಲಿಗೆ ಕಟ್ಟುವುದನ್ನು ಬಿಡಬೇಡಿ. ಶಂಕರಪುರದ ಕಡೆ ನೆನೆಸಿದ ಬಾಳೆನಾರಿನಲ್ಲಿ ಕಟ್ಟುತ್ತಾರೆ, ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟುವವರು ಟಿವಿ ನೋಡುತ್ತಿರುತ್ತಾರೆ, ಕೈ ತನ್ನಷ್ಟಕ್ಕೆ ಎಣಿಸುತ್ತಿರುತ್ತದೆ.


ಲೆಕ್ಕದ ಟೀಚರ್ | ನವೆಂಬರ್ 13

ಕಲೆಯ ಚರ್ಚೆಗೆ ಲೆಕ್ಕದವಳು ಯಾಕೆ ಬಂದಳು ಎನ್ನಬೇಡಿ. ಕಸೂತಿಯ ಗಂಟಿ ಹೊಲಿಗೆ ಯಾವ ಚಿತ್ರವಾದರೂ ಹೊರಟಲ್ಲಿಗೇ ಮರಳುವುದು ಯಾಕೆ ಎಂದರೆ, ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹಾಯುತ್ತದೆ. ಹೋದ ದಾರಿಗೆಲ್ಲ ಬರುವ ದಾರಿಯೊಂದು ಇದ್ದೇ ಇರುತ್ತದೆ.

ಅದಕ್ಕಿಂತ ಮಜಾ ರಂಗೋಲಿಯಲ್ಲಿದೆ. ಚುಕ್ಕಿಗಳನ್ನು ಸೇರಿಸುವ ರಂಗೋಲಿ ಬೇರೆ, ಚುಕ್ಕಿಗಳ ಸುತ್ತ ಎಳೆ ಸುತ್ತುವ ರಂಗೋಲಿ ಬೇರೆ. ಎರಡನೆಯದನ್ನು ತೆಗೆದುಕೊಳ್ಳಿ. 3 ಸಾಲು, ಸಾಲಿಗೆ 4 ಚುಕ್ಕಿ ಇಡಿ. ಕೇರಂ ಕಾಯಿ ಅಂಚಿಗೆ ಬಡಿದು ತಿರುಗುವಂತೆ ಎಳೆಯನ್ನು ಓರೆಯಾಗಿ ಚುಕ್ಕಿಗಳ ನಡುವೆ ಹಾಯಿಸುತ್ತಾ ಹೋಗಿ. ಕೈ ಎತ್ತದೆ ಒಂದೇ ಎಳೆಯಲ್ಲಿ ಎಲ್ಲ ಚುಕ್ಕಿಗಳೂ ಸುತ್ತುವರಿದು, ಎಳೆ ಹೊರಟಲ್ಲಿಗೇ ಬಂದು ಸೇರುತ್ತದೆ. ಈಗ 3 ಸಾಲು, 3 ಚುಕ್ಕಿ ಇಟ್ಟು ನೋಡಿ. ಒಂದೇ ಎಳೆಯಲ್ಲಿ ಆಗುವುದಿಲ್ಲ, ಮೂರು ಬೇಕು. 4 ಮತ್ತು 6ಕ್ಕೆ ಎರಡು ಎಳೆ. ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ ಎಷ್ಟೋ ಅಷ್ಟು ಎಳೆಗಳು. ಏಳನೇ ತರಗತಿಯ ಮಕ್ಕಳಿಗೆ ಮಸಾಅ ಕಲಿಸಲು ನಾನು ಶಾಲೆಯ ಅಂಗಳದಲ್ಲಿ ಚಾಕ್‌ಪೀಸ್ ಹಿಡಿದು ಇದನ್ನೇ ಮಾಡುತ್ತೇನೆ.

ಆಫ್ರಿಕಾದ ಅಂಗೋಲಾದಲ್ಲಿ ಚೋಕ್ವೆ ಜನ ಮರಳಿನ ಮೇಲೆ ಚುಕ್ಕಿಯಿಟ್ಟು ಎಳೆ ಸುತ್ತುವ ಸೋನಾ ಎಂಬ ಚಿತ್ರಗಳಿಗೂ ಇದೇ ಲೆಕ್ಕ. ಅಲ್ಲಿ ಅದನ್ನು ಹಾಕುವವರು ಗಂಡಸರು, ಕಥೆ ಹೇಳುತ್ತಾ ಹಾಕುತ್ತಾರೆ.


ಮೊದಲ ವರ್ಷ | ನವೆಂಬರ್ 17

ಟೀಚರ್, ನಿಮ್ಮ ಕೊನೆಯ ಸಾಲು ನನ್ನನ್ನು ಸಿಕ್ಕಿಸಿತು. ರಂಗೋಲಿ ಮೊದಲ ದಿನವೇ ತಲೆಗೆ ಬಂದಿತ್ತು, ಗಂಡು ಹುಡುಗ ರಸ್ತೆಯಲ್ಲಿ ಬಗ್ಗಿ ರಂಗೋಲಿ ಹಾಕಿದರೆ ನಗುತ್ತಾರೆ ಎಂದು ಅಲ್ಲಿಯೇ ಬಿಟ್ಟಿದ್ದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಅಷ್ಟೇ ಕಾರಣ.

ನಾನು ಬಾಡಿಗೆಗಿರುವುದು ಮಹಡಿಯ ಮೇಲಿನ ಒಂಟಿ ರೂಮು. ಕೆಳಗೆ ಮಾಲೀಕರ ತಾಯಿ, ಎಲ್ಲರಿಗೂ ಅಜ್ಜಿ. ದಿನಾ ಬೆಳಿಗ್ಗೆ ಐದೂವರೆಗೆ ಗೇಟಿನ ಮುಂದೆ ರಂಗೋಲಿ ಹಾಕುತ್ತಾರೆ. ನಾಲ್ಕು ತಿಂಗಳಿಂದ ಅದನ್ನು ದಾಟಿಕೊಂಡು ಓಡಾಡುತ್ತಿದ್ದೆ. ಸೊರಬದ ಅಕ್ಕ ಹೇಳಿದಂತೆ ಮೊದಲು ಕೇಳಿದೆ. "ನೋಡಲು ಏನಿದೆ ಇದರಲ್ಲಿ?" ಎಂದರು. ಆಮೇಲೆ "ಬರುವುದಾದರೆ ಎರಡು ಬಕೆಟ್ ನೀರು ತಂದಿಡು" ಎಂದರು. ಈಗ ನೀರು ಹೊರುವವನು ನಾನೇ.

ಮೊದಲ ವಾರ ನಾನು ಒಂದು ಚುಕ್ಕಿಯನ್ನೂ ಇಡಲಿಲ್ಲ, ಬರೆದದ್ದೆಲ್ಲ ಅಜ್ಜಿಯ ಮೈ. ಸೊಂಟದಿಂದ ಬಗ್ಗುತ್ತಾರೆ, ಮಂಡಿ ಮಡಿಸುವುದಿಲ್ಲ, ಎಡಗೈ ಎಡ ಮೊಣಕಾಲಿನ ಮೇಲೆ. ಹಾಕಿದ ಗೆರೆಯನ್ನು ದಾಟಬಾರದಲ್ಲ, ಹಾಗಾಗಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಸುತ್ತ ಬರುತ್ತಾರೆ. ಅವರ ಪಾದಗಳು ಹೋದ ದಾರಿಯನ್ನು ಮೇಲಿನಿಂದ ನೋಡಿದಂತೆ ಬರೆದುಕೊಂಡೆ, ಅದೇ ಇನ್ನೊಂದು ರಂಗೋಲಿಯಂತಿತ್ತು. ನೀರು ಚಿಮುಕಿಸಿ ಗುಡಿಸುವುದರಿಂದ ಕೊನೆಯ ಎಳೆಯವರೆಗೆ ಒಟ್ಟು ಹನ್ನೊಂದು ನಿಮಿಷ.


ನಿವೃತ್ತ ಡ್ರಾಯಿಂಗ್ ಮೇಷ್ಟ್ರು | ನವೆಂಬರ್ 17

ಪಾದದ ಪುಟ ಒಳ್ಳೆಯದು. ಮೈ ಬರೆಯುವಾಗ ಸೀರೆಯ ನಿರಿಗೆಯಲ್ಲಿ ಕಳೆದುಹೋಗಬೇಡ, ಬೆನ್ನಿನ ಗೆರೆ ಒಂದನ್ನು ಹಿಡಿ. ನೇರ ಮಾತಿನವರು ಕೇಳಿದ ದೇಹದ ರಚನೆಯೂ ಅಲ್ಲಿಯೇ ಸಿಗುತ್ತದೆ.


ಮೊದಲ ವರ್ಷ | ನವೆಂಬರ್ 26

ಎರಡನೇ ವಾರ ಪುಡಿ ಹಿಡಿದೆ. ಇಷ್ಟು ಕಷ್ಟ ಎಂದು ಯಾರೂ ಹೇಳಿರಲಿಲ್ಲ.

ಮೊದಲ ದಿನ ಪೆನ್ಸಿಲ್ ಹಿಡಿದಂತೆ ಹಿಡಿದು ನೆಲಕ್ಕೆ ಉಜ್ಜಿದೆ. ಅಜ್ಜಿ ಕೈಗೆ ಒಂದು ಪೆಟ್ಟು ಕೊಟ್ಟು, "ಬೆರಳು ನೆಲ ಮುಟ್ಟಬಾರದು. ನೀನು ಬರೆಯಬೇಡ, ಅದು ಬೀಳಲಿ" ಎಂದರು. ಹೆಬ್ಬೆರಳು, ತೋರುಬೆರಳಿನ ನಡುವಿನಿಂದ ಪುಡಿ ಜಾರಬೇಕು. ನೆಲದಿಂದ ಒಂದು ಅಂಗುಲ ಮೇಲೆ ಇದ್ದರೆ ಎಳೆ ಸಣ್ಣ, ಕೈ ಎತ್ತಿದಷ್ಟೂ ಎಳೆ ಹರಡುತ್ತದೆ. ಕೈ ನಿಧಾನವಾದರೆ ಗುಡ್ಡೆ, ಜೋರಾದರೆ ಎಳೆ ಹರಿಯುತ್ತದೆ. ಪೆನ್ಸಿಲಿನಲ್ಲಿ ನಾನು ಒತ್ತಡದಿಂದ ಗೆರೆಯ ದಪ್ಪ ಬದಲಿಸುತ್ತಿದ್ದೆ, ಇಲ್ಲಿ ಒತ್ತಲು ಏನೂ ಇಲ್ಲ. ವೇಗ ಒಂದೇ ಕೈಯಲ್ಲಿರುವುದು.

ಇನ್ನೊಂದು ಪೆದ್ದುತನವೂ ಆಯಿತು. ಅಕ್ಕಿಹಿಟ್ಟಿನಲ್ಲಿ ಹಾಕಿದರೆ ಇರುವೆಗೆ ಊಟವಾಗುತ್ತದೆ ಎಂದು ಎಲ್ಲೋ ಓದಿ, ಅಂಗಡಿಯ ನುಣ್ಣನೆಯ ಹಿಟ್ಟು ತಂದೆ. ಬೆರಳಿಗೆ ಅಂಟಿ ಕುಳಿತಿತು, ಕೆಳಗೆ ಬೀಳಲೇ ಇಲ್ಲ. ಅಜ್ಜಿಯ ಡಬ್ಬಿಯಲ್ಲಿರುವುದು ಕಲ್ಲಿನ ಪುಡಿ, ಮುಟ್ಟಿದರೆ ಸಣ್ಣ ರವೆಯಂತೆ ತರಿತರಿ. ಆ ತರಿಯೇ ಬೆರಳಿನಿಂದ ಜಾರುವುದು. ನೆಲವೂ ಹದವಾಗಿರಬೇಕು. ನೀರು ನಿಂತಿದ್ದರೆ ಪುಡಿ ಕರಗಿದಂತಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಪೂರಾ ಒಣಗಿದ್ದರೆ ಗಾಳಿಗೆ ಹಾರುತ್ತದೆ. "ನೆಲ ಬೆವರಿದ ಹಾಗಿರಬೇಕು" ಎನ್ನುವುದು ಅಜ್ಜಿಯ ಅಳತೆ.

ಹಾಲಿನ ಹುಡುಗ ನಕ್ಕದ್ದು ನಿಜ. ಮೂರನೇ ದಿನದಿಂದ ನಿಂತು, "ಅಣ್ಣ, ಬಲಗಡೆ ಸೊಟ್ಟ" ಎಂದು ಹೇಳಿ ಹೋಗುತ್ತಾನೆ. ನಗುವುದೇ ವಾಸಿಯಿತ್ತು.

ಇಲ್ಲಿಯವರೆಗಿನ ಖರ್ಚು: ಪುಡಿಗೆ 40 ರೂಪಾಯಿ, ದಂಡವಾದ ಅಕ್ಕಿಹಿಟ್ಟಿಗೆ 35. ಅದನ್ನು ರೊಟ್ಟಿ ಮಾಡಿ ತಿಂದೆವು.


ಮಸ್ಕತ್ ಮನೆ | ನವೆಂಬರ್ 27

ನಿಮ್ಮ ಬರಹ ಓದುತ್ತಾ ಹೊಟ್ಟೆಯುರಿ ಬಂತು. ಹದಿನೆಂಟು ವರ್ಷದಿಂದ ಮಸ್ಕತ್‌ನಲ್ಲಿದ್ದೇನೆ. ಫ್ಲ್ಯಾಟಿನ ಬಾಗಿಲ ಮುಂದೆ ಪುಡಿ ಹಾಕಿದರೆ ಕಾರಿಡಾರ್ ಒರೆಸುವವರಿಗೆ ತೊಂದರೆ. ಅದಕ್ಕೆ ಹೊಸ್ತಿಲಿಗೆ ರಂಗೋಲಿ ಸ್ಟಿಕ್ಕರ್ ಅಂಟಿಸಿದ್ದೇನೆ.


ಸೊರಬದವಳು | ನವೆಂಬರ್ 27

ಸ್ಟಿಕ್ಕರ್ ರಂಗೋಲಿಯಲ್ಲ.


ಮಸ್ಕತ್ ಮನೆ | ನವೆಂಬರ್ 28

ಗೊತ್ತು. ಆದರೆ ಪ್ರತಿ ಶುಕ್ರವಾರ ಅದರ ಸುತ್ತ ಅರಿಶಿನ ಕುಂಕುಮ ನಾನೇ ಇಡುತ್ತೇನೆ. ಸ್ಟಿಕ್ಕರಿನ ಒಂದು ಮೂಲೆ ಎದ್ದು ಬಂದಿದೆ, ಅಲ್ಲಿ ಚಾಕ್‌ಪೀಸಿನಲ್ಲಿ ನಾನೇ ಎಳೆ ಮುಂದುವರಿಸಿದ್ದೇನೆ. ಅಷ್ಟನ್ನಾದರೂ ಒಪ್ಪಿಕೊಳ್ಳಿ.


ಸೊರಬದವಳು | ನವೆಂಬರ್ 28

ಮೂಲೆಯನ್ನು ಒಪ್ಪಿದೆ.


ನೇರ ಮಾತು | ನವೆಂಬರ್ 29

ಹುಡುಗ ಶ್ರಮಪಡುತ್ತಿದ್ದಾನೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ನನ್ನ ಪ್ರಶ್ನೆ ಹಾಗೆಯೇ ಇದೆ. ಅಜ್ಜಿ ತಾನು ಕಲಿತದ್ದನ್ನು ಪುನಃ ಹಾಕುತ್ತಾರೆ. ಇದರಲ್ಲಿ ಅವರದೇ ಎನ್ನುವಂಥದ್ದು ಯಾವುದು?


ಮೊದಲ ವರ್ಷ | ಡಿಸೆಂಬರ್ 8

ನೇರ ಮಾತಿನ ಸರ್, ಈ ಪ್ರಶ್ನೆಯನ್ನು ಹಾಗೆಯೇ ಅಜ್ಜಿಯ ಮುಂದೆ ಇಟ್ಟೆ. ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಆದರೆ ಒಂದು ನೋಟ್ ಪುಸ್ತಕ ತಂದುಕೊಟ್ಟರು. ಹಳೆಯ ಡೈರಿ, ತುಂಬ ಚುಕ್ಕಿಗಳು. ಅವರ ತಾಯಿಯ ಮನೆ ಕೊಳ್ಳೇಗಾಲದ ಕಡೆ. ಅಲ್ಲಿಂದ ತಂದವು, ನಂಜನಗೂಡಿನ ಜಾತ್ರೆಯಲ್ಲಿ ಯಾರೋ ಹೇಳಿಕೊಟ್ಟವು, ವಾರಪತ್ರಿಕೆಯಿಂದ ಕತ್ತರಿಸಿದವು ಎಲ್ಲ ಇವೆ. ಪತ್ರಿಕೆಯ ರಂಗೋಲಿಗಳ ಮೇಲೆ ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ. ಒಂದು ಕಡೆ ಬಾತುಕೋಳಿಯ ಕತ್ತನ್ನು ಹೊಡೆದುಹಾಕಿ ಪಕ್ಕದಲ್ಲಿ "ಉದ್ದವಾಯಿತು" ಎಂದು ಬರೆದಿದ್ದಾರೆ. ನಮ್ಮ ತರಗತಿಯಲ್ಲಿ ವಿಮರ್ಶೆ ಎಂದು ಮಾಡುವುದೂ ಇಷ್ಟನ್ನೇ.

ಇನ್ನೊಂದು ಸಂಗತಿ. ಹೋದ ಗುರುವಾರ ನೀರು ಹೊತ್ತುಕೊಂಡು ಇಳಿದರೆ ಅಜ್ಜಿ ಬಾಗಿಲಲ್ಲೇ ತಡೆದರು. ಅಂದು ತಾತನ ತಿಥಿ. ಶ್ರಾದ್ಧದ ದಿನ ರಂಗೋಲಿ ಇಲ್ಲ. ಗೇಟಿನ ಮುಂದೆ ಬರಿಯ ನೆಲ. ಬೀದಿಯಲ್ಲಿ ಹೋಗುವ ಯಾರೂ ಏನನ್ನೂ ಕೇಳಲಿಲ್ಲ. ಹಾಲಿನ ಹುಡುಗ ಬೆಲ್ ಬಾರಿಸದೆ ಪ್ಯಾಕೆಟ್ ಇಟ್ಟು ಹೋದ. ಎದುರು ಮನೆಯವರು ಹನ್ನೆರಡು ಗಂಟೆಯವರೆಗೆ ರೇಡಿಯೊ ಹಾಕಲಿಲ್ಲ. ನಾನು ನಾಲ್ಕು ತಿಂಗಳು ದಾಟಿಕೊಂಡು ಓಡಾಡುತ್ತಿದ್ದದ್ದನ್ನು ಬೀದಿಯವರೆಲ್ಲ ದಿನಾ ಓದುತ್ತಿದ್ದರು.

ಅಂದಿನ ಪುಟದಲ್ಲಿ ಏನು ಬರೆಯುವುದೆಂದು ತೋಚಲಿಲ್ಲ. ಗೇಟು ಬರೆದೆ, ನೆಲದ ಸಿಮೆಂಟಿನ ಬಿರುಕು ಬರೆದೆ, ಉಳಿದದ್ದು ಬಿಟ್ಟೆ.


ನಿವೃತ್ತ ಡ್ರಾಯಿಂಗ್ ಮೇಷ್ಟ್ರು | ಡಿಸೆಂಬರ್ 8

ಆ ಪುಟವನ್ನು ಮುಟ್ಟಬೇಡ. ಚಂದ ಮಾಡಲು ಹೋಗಬೇಡ.


ನೇರ ಮಾತು | ಡಿಸೆಂಬರ್ 9

ಬಾತುಕೋಳಿಯ ಕತ್ತಿಗೆ ನಾನು ಸೋತೆ. ಉಳಿದ ವಾದ ಹಾಗೆಯೇ ಇಟ್ಟುಕೊಂಡಿದ್ದೇನೆ.


ನೂಲೆಣಿಕೆ | ಡಿಸೆಂಬರ್ 10

ಕಸೂತಿ ಬಿಟ್ಟು ರಂಗೋಲಿಗೆ ಹೋದದ್ದನ್ನು ಕ್ಷಮಿಸಿದ್ದೇನೆ. ಒಂದು ಕುತೂಹಲ. ಕಸೂತಿಯಲ್ಲಿ ತಪ್ಪಿದರೆ ಬಿಚ್ಚುತ್ತೇವೆ. ಅಜ್ಜಿ ತಪ್ಪಿದಾಗ ಏನು ಮಾಡುತ್ತಾರೆ?


ಮೊದಲ ವರ್ಷ | ಡಿಸೆಂಬರ್ 11

ಎರಡು ಬಗೆ. ಚುಕ್ಕಿ ತಪ್ಪಿದರೆ ಅಂಗೈಯಲ್ಲಿ ಸವರಿ ಅಳಿಸುತ್ತಾರೆ, ಯಾಕೆಂದರೆ ಅದರ ಮೇಲೆ ಎಲ್ಲವೂ ನಿಲ್ಲಬೇಕು. ಎಳೆ ತಪ್ಪಿದರೆ ಅಳಿಸುವುದಿಲ್ಲ. ಆ ಕಡೆ ತಪ್ಪಿದ್ದನ್ನೇ ಈ ಕಡೆಯೂ ಬೇಕೆಂದು ಹಾಕುತ್ತಾರೆ. ನಾಲ್ಕು ಕಡೆಯೂ ತಪ್ಪಿದರೆ ಹೊಸ ರಂಗೋಲಿ. ಡೈರಿಯಲ್ಲಿ ಹೀಗೆ ಹುಟ್ಟಿದವು ಮೂರು ಇವೆ, ಅವುಗಳ ಪಕ್ಕ ಊರಿನ ಹೆಸರಿಲ್ಲ.


ಬೋರ್ಡ್ ಬರೆಯುವವನು | ಡಿಸೆಂಬರ್ 11

ಲಾರಿಯ ಹಿಂದೆ ನಾನು ಬಿಡಿಸುವ ಕಮಲಕ್ಕೆ ಒಂದು ದಳ ಹೆಚ್ಚಿರುವುದೂ ಹೀಗೆಯೇ. 2009ರಲ್ಲಿ ಕೈ ಜಾರಿದ್ದು. ಈಗ ಆ ದಳ ನೋಡಿ ನನ್ನ ಕೈ ಎಂದು ಗುರುತು ಹಿಡಿಯುತ್ತಾರೆ.


ಮೊದಲ ವರ್ಷ | ಡಿಸೆಂಬರ್ 29

ಧನುರ್ಮಾಸ ಶುರುವಾದ ಮೇಲೆ ಬೀದಿಯ ಎಲ್ಲ ಮನೆಗಳ ಮುಂದೆಯೂ ರಂಗೋಲಿ ದೊಡ್ಡದಾಗಿದೆ. ನಾಲ್ಕನೇ ಮನೆಯವರಿಗೂ ನಮ್ಮ ಅಜ್ಜಿಗೂ ಬಾಯಿಬಿಟ್ಟು ಹೇಳದ ಪೈಪೋಟಿ. ಅವರು ಬಣ್ಣ ತುಂಬುತ್ತಾರೆ, ಅಜ್ಜಿ ಬಿಳಿ ಬಿಟ್ಟು ಏನನ್ನೂ ಮುಟ್ಟುವುದಿಲ್ಲ, "ಬಣ್ಣ ಹಾಕಿದರೆ ಎಳೆ ಸೊಟ್ಟಗಿರುವುದು ಯಾರಿಗೂ ಕಾಣುವುದಿಲ್ಲ" ಎನ್ನುತ್ತಾರೆ. ನನ್ನ ಪುಸ್ತಕ ಅರವತ್ತು ಪುಟ ದಾಟಿದೆ.

ಮುಖ್ಯ ಸುದ್ದಿ ಬೇರೆ. ಅಜ್ಜಿ ನಾಲ್ಕು ದಿನಕ್ಕೆ ಮಗಳ ಮನೆಗೆ ತಿಪಟೂರಿಗೆ ಹೋಗಿದ್ದಾರೆ. ಹೋಗುವಾಗ ಪುಡಿಯ ಡಬ್ಬಿ ನನ್ನ ಕೈಗಿಟ್ಟು, "ಗೇಟಿನ ಮುಂದೆ ಖಾಲಿ ಬಿಡಬೇಡ, ಜನ ಏನಾದರೂ ಅಂದುಕೊಂಡಾರು" ಎಂದರು. ತಿಥಿಯ ದಿನದ ನಂತರ ಆ ಮಾತಿನ ಭಾರ ನನಗೆ ಗೊತ್ತಿದೆ.

ಊರಿನಿಂದ ಅಮ್ಮ ಫೋನ್ ಮಾಡಿದ್ದರು. ನಡೆದದ್ದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆಗೆ ಯಾವುದು ಹಾಕುತ್ತೀಯ?" ಎಂದು ಕೇಳಿದರು. ಏಳರಿಂದ ನಾಲ್ಕು ಸಂದು ಚುಕ್ಕಿ ಎಂದೆ. "ನಡುವಿನ ಸಾಲು ಮೊದಲು ಇಡು, ತುದಿಯಿಂದ ಶುರು ಮಾಡಬೇಡ" ಎಂದರು. ಅಮ್ಮ ರಂಗೋಲಿ ಹಾಕುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನವೆಂಬರ್ 9ರಂದು ಇಲ್ಲಿ ಏನು ಬರೆದಿದ್ದೆ ಎಂದು ಮತ್ತೆ ಓದಲು ಧೈರ್ಯವಾಗುತ್ತಿಲ್ಲ.


ಲೆಕ್ಕದ ಟೀಚರ್ | ಡಿಸೆಂಬರ್ 29

ಏಳರಿಂದ ನಾಲ್ಕು ಸಂದು ಚುಕ್ಕಿ ಎಂದರೆ ನಡುವೆ 7, ಎರಡೂ ಬದಿಗೆ 6, 5, 4. ಒಟ್ಟು 37. ಎಳೆ ಎಳೆಯುವ ಮೊದಲು ಎಣಿಸಿಕೊಳ್ಳಪ್ಪ.


ಮೊದಲ ವರ್ಷ | ಡಿಸೆಂಬರ್ 30

ಹಾಕಿದೆ. ಆರು ಗಂಟೆಗೆಲ್ಲ ಮುಗಿಯಿತು. ಕತ್ತಲಲ್ಲಿ ಚೆನ್ನಾಗಿಯೇ ಕಂಡಿತು. ಬೆಳಕಾದ ಮೇಲೆ ನಾಲ್ಕನೇ ಮನೆಯವರು ಬಂದು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, "ಅಜ್ಜಿ ಊರಲ್ಲಿಲ್ಲವಾ?" ಎಂದು ಕೇಳಿ ಹೋದರು. ಯಾಕೆ ಹಾಗೆ ಕೇಳಿದರೆಂದು ಹೊಳೆಯಲಿಲ್ಲ. ಆಮೇಲೆ ಹಾಲಿನ ಹುಡುಗ ಬಂದ, ಬೆರಳು ತೋರಿಸಿ ಎಣಿಸಿದ.

ಕೊನೆಯ ಸಾಲಿನಲ್ಲಿ ಐದು. ಒಟ್ಟು ಮೂವತ್ತೆಂಟು.


ಲೆಕ್ಕದ ಟೀಚರ್ | ಡಿಸೆಂಬರ್ 30

ಮೇಲಿನ ಸಾಲಿನಲ್ಲೂ ಒಂದು ಚುಕ್ಕಿ ಹೆಚ್ಚು ಹಾಕಿಬಿಡು.


ಮೊದಲ ವರ್ಷ | ಡಿಸೆಂಬರ್ 30

ಆಗಲೇ ಹಾಕಿದೆ ಟೀಚರ್. ಅಜ್ಜಿ ಬಂದ ಮೇಲೆ ಡೈರಿಗೆ ಸೇರಿಸುತ್ತಾರೋ ಇಲ್ಲವೋ ನೋಡಬೇಕು.